ಟೈಫಾಯ್ಡ್ ಲಸಿಕೆಯಲ್ಲಿ ಟಿಟಿ ಯಾಕೆ? ಡಾಕ್ಟರು ಚೀಟಿ ಹಿಂದೆ ಬರೆದ ಬಾಣ ಅರ್ಥ ಆಗಲಿಲ್ಲ

ಪ್ರಶ್ನೆ: ಬೆಟಗೇರಿ ಅಮ್ಮ

ಎಲ್ಲರಿಗೂ ನಮಸ್ಕಾರ. ನಾನು ಗದಗ-ಬೆಟಗೇರಿಯವಳು. ಒಂದು ಸೀರೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಪಿಯುಸಿ ಸೈನ್ಸ್ ಮುಗಿಸಿದ್ದೆ, ಆಮೇಲೆ ಮದುವೆ ಆಯ್ತು, ಓದು ಅಲ್ಲಿಗೇ ನಿಂತಿತು. ಹಾಗಾಗಿ ಎಲ್ಲ ಅರ್ಧಂಬರ್ಧ ಗೊತ್ತು. ಏನೂ ಗೊತ್ತಿಲ್ಲದವರು ಆರಾಮಾಗಿ ಸೂಜಿ ಹಾಕಿಸಿಕೊಂಡು ಬರುತ್ತಾರೆ. ಅರ್ಧ ಗೊತ್ತಿರುವವರಿಗೇ ನಿದ್ದೆ ಬರಲ್ಲ.

ವಿಷಯ ಇದು. ದೊಡ್ಡ ಮಗಳಿಗೆ ಈಗ 9 ವರ್ಷ. ಅವಳಿಗೆ ಟೈಫಾಯ್ಡ್ ಲಸಿಕೆ ಹಾಕಿಸಿದ್ದು ಎರಡೂವರೆ ವರ್ಷ ಆದ ಮೇಲೆ. "ಎರಡು ತುಂಬುವ ತನಕ ಹಾಕಿದರೂ ಹಿಡಿಯಲ್ಲ, ಮೂರು ವರ್ಷಕ್ಕೊಮ್ಮೆ ಮತ್ತೆ ಹಾಕಿಸಬೇಕು" ಅಂದಿದ್ದರು. ಈಗ ಚಿಕ್ಕವನಿಗೆ 9 ತಿಂಗಳು. ಅದೇ ಊರು, ಅದೇ ಡಾಕ್ಟರು. "ಇವನಿಗೆ ಈಗಲೇ ಹಾಕೋಣ, ಇದು ಹೊಸ ಥರದ್ದು, ಹಿಡಿಯುತ್ತೆ" ಅಂದರು. ಅದು ಯಾಕೆ ಹಿಡಿಯಲ್ಲ, ಇದು ಯಾಕೆ ಹಿಡಿಯುತ್ತೆ ಅಂತ ಕೇಳಿದೆ. ಪಾಪ, ಒಳ್ಳೆಯವರು. ಚೀಟಿ ಹಿಂದೆ ಎರಡು ಸೊನ್ನೆ ಬರೆದರು. ಒಂದರೊಳಗೆ ಟಿ, ಇನ್ನೊಂದರೊಳಗೆ ಬಿ. ಟಿಯಿಂದ ಬಿಗೆ ಒಂದು ಬಾಣ. ಕೆಳಗೆ "ಸಕ್ಕರೆ + ಟಿಟಿ" ಅಂತ ಬರೆದು, "ಹಳೇದಕ್ಕೆ ಟಿ ಕೋಶದ ಸಹಾಯ ಸಿಗ್ತಿರಲಿಲ್ಲಮ್ಮ, ಇದಕ್ಕೆ ಸಿಗುತ್ತೆ" ಅಂದರು. ಅಷ್ಟರಲ್ಲಿ ಹೊರಗೆ ಮುಂದಿನ ನಂಬರ್ ಕೂಗಿದರು. ಎದ್ದು ಬಂದೆ.

ಆ ಚೀಟಿ ಈಗಲೂ ಫ್ರಿಜ್ ಮೇಲೆ ಅಂಟಿಸಿದೆ. ನಮ್ಮ ಪಿಯುಸಿ ಪುಸ್ತಕದಲ್ಲೂ ಇದೇ ಬಾಣ ಇತ್ತು. ಟಿ, ಬಿ ಎರಡೂ ರಕ್ತದ ಬಿಳಿ ಕೋಶಗಳು ಅಂತ ನೆನಪು. ಪ್ರತಿಕಾಯ, ಅಂದರೆ ಆಂಟಿಬಾಡಿ, ಮಾಡೋದು ಬಿ ಕೋಶ ತಾನೇ? ಮತ್ತೆ ಟಿ ಏನು ಸಹಾಯ ಮಾಡುತ್ತೆ? ಆ ಸಹಾಯ ಮಾಡೋದನ್ನ ಅದು ಎಲ್ಲಿ ಕಲಿತು ಬರುತ್ತೆ? ಇನ್ನೊಂದು, ಮೊಳೆ ಚುಚ್ಚಿದಾಗ ಹಾಕುವ ಟಿಟಿಗೂ ಟೈಫಾಯ್ಡಿಗೂ ಏನು ಸಂಬಂಧ?

ಲಸಿಕೆ ಹಾಕಿಸಲೋ ಬೇಡವೋ ಅಂತ ಕೇಳ್ತಿಲ್ಲ. ಹಾಕಿಸ್ತೇನೆ. ಸುಮ್ನೆ ಅರ್ಥ ಆಗಬೇಕು ಅಷ್ಟೇ.

ಉತ್ತರ: ಹುಬ್ಬಳ್ಳಿ ಹುಡುಗ

ಅಕ್ಕಾ, ಸಿಂಪಲ್. ಬಿ ಕೋಶ ಪ್ರತಿಕಾಯ ಮಾಡುತ್ತೆ. ಟಿ ಕೋಶ ಸೋಂಕು ಹತ್ತಿದ ಕೋಶವನ್ನ ಕೊಲ್ಲುತ್ತೆ. ಎರಡೂ ಬೇರೆ ಬೇರೆ ಡಿಪಾರ್ಟ್‌ಮೆಂಟು. ಹೊಸ ಲಸಿಕೆ ಎರಡನ್ನೂ ಎಬ್ಬಿಸುತ್ತೆ. ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ಉತ್ತರ: ಸಪ್ತಾಪುರದ ಮೇಷ್ಟ್ರು

ತಮ್ಮಾ, ಅಷ್ಟು ಸಿಂಪಲ್ ಇದ್ದಿದ್ದರೆ ನಾನು 31 ವರ್ಷ ಮಕ್ಕಳ ಕೈಲಿ ಅರ್ಧ ಚಿತ್ರ ಬರೆಸುತ್ತಿರಲಿಲ್ಲ.

ನಾನು ಧಾರವಾಡದಲ್ಲಿ ಪಿಯು ಮಕ್ಕಳಿಗೆ ಬಯಾಲಜಿ ಹೇಳುತ್ತಿದ್ದವನು, ಈಗ ನಿವೃತ್ತ. ತಂಗಿ, ನಿಮ್ಮ ಡಾಕ್ಟರು ಬರೆದ ಬಾಣವನ್ನೇ ನಾನೂ ಪ್ರತಿ ವರ್ಷ ಬೋರ್ಡ್ ಮೇಲೆ ಬರೆಯುತ್ತಿದ್ದೆ. ಟಿಯಿಂದ ಬಿಗೆ ಒಂದು ಬಾಣ, ಮೇಲೆ 'ಸಹಾಯ' ಅಂತ ಒಂದು ಪದ. ಎರಡು ಮಾರ್ಕ್ಸ್. ಒಂದು ವರ್ಷ ಕೊನೇ ಬೆಂಚಿನ ಹುಡುಗ ಎದ್ದು ನಿಂತ. "ಸರ್, ಮೈಯಾಗ ಅಷ್ಟೊಂದು ಬಿ ಕೋಶ ಅದಾವು. ಯಾವುದಕ್ಕ ಸಹಾಯ ಮಾಡಬೇಕು ಅಂತ ಟಿಗೆ ಹೆಂಗ ಗೊತ್ತಾಗತೈತ್ರೀ?" ನಾನು "ಅದು ಸಿಲೆಬಸ್‌ನಲ್ಲಿ ಇಲ್ಲ, ಕೂತ್ಕೋ" ಅಂದೆ. ನಿಜ ಏನಂದರೆ ನನಗೆ ಗೊತ್ತಿರಲಿಲ್ಲ. ಇಡೀ ಪಾಠದಲ್ಲಿ ಕೇಳಬೇಕಾದ ಪ್ರಶ್ನೆ ಅದೊಂದೇ ಆಗಿತ್ತು. ನಿಮ್ಮ ಟಿಟಿ ಪ್ರಶ್ನೆಗೂ ಅದೇ ಉತ್ತರ.

ಮೊದಲು ಹುಬ್ಬಳ್ಳಿ ತಮ್ಮನ ಮಾತು. ಕೊಲ್ಲುವ ಟಿ ಕೋಶ ಇದೆ, ಸರಿ. ಅದರ ಮೈಮೇಲೆ ಸಿಡಿ8 ಅನ್ನೋ ಗುರುತು ಇರುತ್ತೆ. ಸಹಾಯಕ ಟಿ ಬೇರೆ, ಅದರ ಗುರುತು ಸಿಡಿ4. ತಂಗಿ ಕೇಳಿದ್ದು ಸಿಡಿ4ರ ಕಥೆ. ಅದು ಸಾಮಾನ್ಯವಾಗಿ ಯಾರನ್ನೂ ಕೊಲ್ಲಲ್ಲ, ಪ್ರತಿಕಾಯವನ್ನೂ ಮಾಡಲ್ಲ.

ಎಲ್ಲಿ ಕಲಿಯುತ್ತೆ ಅಂದಿರಿ. ಟಿ ಕೋಶದ ಮೂಲ ಎಲುಬಿನ ಮಜ್ಜೆ. ಆದರೆ ಶಿಕ್ಷಣ ಥೈಮಸ್‌ನಲ್ಲಿ. ಎದೆ ಎಲುಬಿನ ಹಿಂದೆ, ಹೃದಯದ ಮೇಲ್ಗಡೆ ಕೂತಿರುವ ಗ್ರಂಥಿ ಅದು. ಟಿ ಅಂದರೆ ಥೈಮಸ್‌ನ ಟಿ. ಬಹಳ ಕಾಲ ಅದು ಯಾವ ಕೆಲಸಕ್ಕೂ ಬಾರದ್ದು ಅಂದುಕೊಂಡಿದ್ದರು. 1961ರಲ್ಲಿ ಜಾಕ್ ಮಿಲ್ಲರ್ ಅನ್ನುವವರು ಆಗಷ್ಟೇ ಹುಟ್ಟಿದ ಇಲಿಮರಿಗಳ ಥೈಮಸ್ ತೆಗೆದು ನೋಡಿದರು. ಮರಿಗಳು ಸೊರಗಿದವು, ಸೋಂಕಿಗೆ ಸತ್ತವು. ಬೇರೆ ಇಲಿಯ ಚರ್ಮ ಕಸಿ ಮಾಡಿದರೂ ಆ ಮೈ ಬೇಡ ಅನ್ನಲಿಲ್ಲ. ಪರರದ್ದು ಯಾವುದು ಅಂತಲೇ ಗೊತ್ತಾಗದ ಮೈ.

ನಮ್ಮ ಕಡೆ ಗರಡಿ ಮನೆ ನೋಡಿದವರಿಗೆ ಥೈಮಸ್ ವಿವರಿಸೋದು ಸುಲಭ. ಅಲ್ಲಿ ಎರಡು ಪರೀಕ್ಷೆ. ನಮ್ಮ ಕೋಶಗಳು ತಮ್ಮೊಳಗಿನ ಪ್ರೋಟೀನಿನ ಸಣ್ಣ ತುಣುಕನ್ನ ಒಂದು ತಟ್ಟೆ ಮೇಲಿಟ್ಟು ಹೊರಗೆ ತೋರಿಸುತ್ತವೆ. ಆ ತಟ್ಟೆಗೆ ಎಂಎಚ್‌ಸಿ ಅಂತ ಹೆಸರು. ಮೊದಲ ಪರೀಕ್ಷೆ, ಆ ತಟ್ಟೆಯನ್ನ ಹಿಡಿಯೋಕೆ ಬರುತ್ತಾ? ಬರದಿದ್ದರೆ ಆ ಕೋಶ ಸಾಯಬೇಕು. ಒಂದು ಬಗೆಯ ತಟ್ಟೆ ಹಿಡಿದವು ಸಿಡಿ8 ಆಗುತ್ತವೆ, ಇನ್ನೊಂದು ಬಗೆ ಹಿಡಿದವು ಸಿಡಿ4. ಎರಡನೇ ಪರೀಕ್ಷೆ, ಮನೆಯವರ ಮೇಲೇ ಬೀಳುತ್ತಾ? ಸ್ವಂತ ಮೈಯ ತುಣುಕನ್ನೇ ಗಟ್ಟಿಯಾಗಿ ಹಿಡಿದರೆ ಅದನ್ನೂ ತೆಗೆದುಹಾಕುತ್ತಾರೆ. ಈ ಪರೀಕ್ಷೆ ಮಾಡೋಕೆ ಥೈಮಸ್‌ನ ಕೆಲವು ಕೋಶಗಳು ಬೇರೆ ಬೇರೆ ಅಂಗಗಳ ಪ್ರೋಟೀನನ್ನೂ ಒಂದಿಷ್ಟು ತಯಾರಿಸಿ ಇಟ್ಟುಕೊಂಡಿರುತ್ತವೆ, ಇನ್ಸುಲಿನ್ ಸಮೇತ. ಏರ್ ಅನ್ನುವ ಜೀನ್ ಅದನ್ನ ಮಾಡಿಸುತ್ತೆ. ಎದೆಯೊಳಗಿನ ಗ್ರಂಥಿಯಲ್ಲಿ ಇನ್ಸುಲಿನ್ ಯಾಕಪ್ಪಾ ಅಂದರೆ ಇದಕ್ಕೇ. ಕೊನೆಗೆ ನೂರಕ್ಕೆ 95ಕ್ಕಿಂತ ಜಾಸ್ತಿ ಕೋಶಗಳು ಅಲ್ಲೇ ಸಾಯುತ್ತವೆ. ಇಷ್ಟು ಕಟುಕ ವಸ್ತಾದಿಯನ್ನ ನಾನು ಯಾವ ಗರಡಿಯಲ್ಲೂ ನೋಡಿಲ್ಲ.

ನನ್ನ ವಯಸ್ಸಿಗೆ ಆ ಗರಡಿ ಹೆಚ್ಚುಕಡಿಮೆ ಕೊಬ್ಬಿನ ಮುದ್ದೆ. ನಿಮ್ಮ 9 ತಿಂಗಳ ಮಗನದ್ದು ಭರ್ತಿ ನಡೆದಿರುತ್ತೆ. ಇದನ್ನ ನೆನಪಿಟ್ಟುಕೊಳ್ಳಿ. ಎರಡು ವರ್ಷದೊಳಗೆ ಹಳೇ ಲಸಿಕೆ ಹಿಡಿಯದಿದ್ದದ್ದು ಮಗುವಿನ ಟಿ ಕೋಶದ ತಪ್ಪಲ್ಲ. ಅದನ್ನ ಯಾರೂ ಕರೆಯುತ್ತಲೇ ಇರಲಿಲ್ಲ.

ಈಗ ಆ ಹುಡುಗನ ಪ್ರಶ್ನೆಗೆ ಬರೋಣ. ಬ್ಯಾಡಗಿ ಮಾರುಕಟ್ಟೆಗೆ ಹೋಗಿದ್ದೀರಾ? ಅಲ್ಲಿ ವ್ಯಾಪಾರಿ ಚೀಲ ಪೂರ್ತಿ ಸುರಿಸಿ ನೋಡಲ್ಲ. ಒಂದು ಹಿಡಿ ಮೆಣಸಿನಕಾಯಿ ಎತ್ತುತ್ತಾನೆ, ಬಣ್ಣ ನೋಡುತ್ತಾನೆ, ಮುರಿಯುತ್ತಾನೆ, ರೇಟು ಬರೆಯುತ್ತಾನೆ. ಟಿ ಕೋಶವೂ ಹಾಗೇ. ಅದು ರೋಗಾಣುವನ್ನ ಇಡಿಯಾಗಿ ನೋಡೋದೇ ಇಲ್ಲ. ನೋಡೋದು ತಟ್ಟೆ ಮೇಲಿನ ಸ್ಯಾಂಪಲ್ ಮಾತ್ರ. ಬಿ ಕೋಶ ಇಡೀ ಸರಕನ್ನ ಹಿಡಿಯುತ್ತೆ. ಹಿಡಿದು ನುಂಗುತ್ತೆ. ಒಳಗೆ ಕತ್ತರಿಸಿ, ಒಂದು ತುಣುಕನ್ನ ತಟ್ಟೆಗೆ ಹಾಕಿ ಟಿಯ ಮುಂದೆ ಹಿಡಿಯುತ್ತೆ. ಟಿಗೆ ಆ ತುಣುಕು ಮೊದಲೇ ಪರಿಚಯ ಇದ್ದರೆ ಸಹಿ ಹಾಕುತ್ತೆ. ಸಹಿ ಅಂದರೆ ಸಿಡಿ40 ಲೈಗ್ಯಾಂಡ್ ಅನ್ನುವ ಒಂದು ಕೈ, ಅದು ಬಿ ಕೋಶದ ಸಿಡಿ40ಯನ್ನ ಹಿಡಿದುಕೊಳ್ಳುತ್ತೆ. ಜೊತೆಗೆ ಐಎಲ್-21 ಅನ್ನುವ ಸಂದೇಶ. ಆಮೇಲೆ ಬಿ ಕೋಶ ಬೆಳೆಯುತ್ತೆ, ಐಜಿಎಂ ಅನ್ನುವ ಮೊದಲ ಬಗೆಯ ಪ್ರತಿಕಾಯದ ಬದಲು ಐಜಿಜಿ ಅನ್ನುವ ಬಗೆಯದ್ದನ್ನ ಮಾಡುತ್ತೆ, ನೆನಪು ಇಟ್ಟುಕೊಳ್ಳುತ್ತೆ.

ಅಂದರೆ ಟಿ ಸಹಾಯ ಮಾಡೋದು ಸ್ಯಾಂಪಲ್ ತೋರಿಸಿದ ಬಿಗೆ ಮಾತ್ರ. ಪಕ್ಕದಲ್ಲಿ ಸುಮ್ನೆ ನಿಂತ ಬಿಗೆ ಇಲ್ಲ. ಬಾಣ ಮೊದಲು ಬಿಯಿಂದ ಟಿಗೆ ಹೋಗುತ್ತೆ, ಆಮೇಲೆ ವಾಪಸ್ ಬರುತ್ತೆ. ನಾನು 31 ವರ್ಷ ಒಂದೇ ಕಡೆ ಬರೆದೆ.

ಈಗ ನಿಮ್ಮ ಚೀಟಿ. ಟೈಫಾಯ್ಡ್ ಬ್ಯಾಕ್ಟೀರಿಯಾ ವಿಐ ಅನ್ನುವ ಸಕ್ಕರೆಯ ಕೋಟು ಹಾಕಿಕೊಂಡಿರುತ್ತೆ. ಸಕ್ಕರೆ ಅಂದರೆ ಚಹಾಕ್ಕೆ ಹಾಕೋದಲ್ಲ, ಸಕ್ಕರೆ ಜಾತಿಯ ಉದ್ದ ಸರಪಳಿ. ಹಳೇ ಲಸಿಕೆಯಲ್ಲಿ ಆ ಕೋಟು ಮಾತ್ರ ಇತ್ತು. ಬಿ ಕೋಶ ಅದನ್ನ ಹಿಡಿಯಿತು, ನುಂಗಿತು. ತಟ್ಟೆಗೆ ಹಾಕೋಕೆ ಹೋದರೆ ಪ್ರೋಟೀನೇ ಇಲ್ಲ! ಸಹಾಯಕ ಟಿ ಓದೋದು ಪ್ರೋಟೀನ್ ತುಣುಕನ್ನ. ಖಾಲಿ ತಟ್ಟೆಗೆ ಯಾರು ಸಹಿ ಹಾಕುತ್ತಾರೆ? ದೊಡ್ಡವರಲ್ಲಿ, ಸ್ಪ್ಲೀನ್ ಅಂತೀವಲ್ಲ ಆ ಗುಲ್ಮದಲ್ಲಿ, ಟಿ ಸಹಿ ಇಲ್ಲದೆಯೇ ಸ್ವಲ್ಪ ಕೆಲಸ ಮಾಡುವ ಬಿ ಕೋಶಗಳಿವೆ. ಆದರೆ ಅವುಗಳ ಕೆಲಸ ಬಹಳ ದಿನ ನಿಲ್ಲಲ್ಲ, ನೆನಪೂ ಉಳಿಯಲ್ಲ. ಅದಕ್ಕೇ ಮೂರು ವರ್ಷಕ್ಕೊಮ್ಮೆ. ಎರಡು ವರ್ಷದೊಳಗಿನ ಮಕ್ಕಳಲ್ಲಿ ಗುಲ್ಮದ ಆ ಜಾಗವೇ ಇನ್ನೂ ಪೂರ್ತಿ ತಯಾರಾಗಿರಲ್ಲ.

ಹೊಸದರಲ್ಲಿ ಅದೇ ಸಕ್ಕರೆಗೆ ಟಿಟಿ, ಅಂದರೆ ಟೆಟನಸ್ ಟಾಕ್ಸಾಯ್ಡ್ ಪ್ರೋಟೀನನ್ನ ಹೊಲಿದುಬಿಟ್ಟಿದ್ದಾರೆ. ಸಕ್ಕರೆಯನ್ನ ಹಿಡಿದ ಬಿ ಕೋಶ ಅದಕ್ಕೆ ಅಂಟಿದ ಪ್ರೋಟೀನನ್ನೂ ನುಂಗಲೇಬೇಕು. ತಟ್ಟೆಗೆ ಟಿಟಿಯ ತುಣುಕು ಬಂತು. ಅದನ್ನ ಬಲ್ಲ ಟಿ ಕೋಶ ಸಹಿ ಹಾಕಿತು. ಆದರೆ ಬಿ ಮಾಡುವ ಪ್ರತಿಕಾಯ ಮಾತ್ರ ಸಕ್ಕರೆಯ ವಿರುದ್ಧ! ಟಿ ನೋಡಿದ್ದು ಒಂದು, ಬಿ ಹೊಡೆಯೋದು ಇನ್ನೊಂದು. ಎರಡೂ ಒಂದೇ ದಾರದಲ್ಲಿ ಇರಬೇಕು, ಅಷ್ಟೇ ಷರತ್ತು. ಟಿಟಿಯನ್ನ ಬೇರೆ ಸೂಜಿಯಲ್ಲಿ, ಸಕ್ಕರೆಯನ್ನ ಬೇರೆ ಸೂಜಿಯಲ್ಲಿ ಕೊಟ್ಟರೆ ಕೆಲಸ ಆಗಲ್ಲ. ಇನ್ನೊಂದು ತಮಾಷೆ ನೋಡಿ. ನಿಮ್ಮ ಮಗನಿಗೆ 6, 10, 14ನೇ ವಾರದಲ್ಲಿ ಪೆಂಟಾವ್ಯಾಲೆಂಟ್, ಅಂದರೆ ಐದು ರೋಗಕ್ಕೆ ಒಂದೇ ಲಸಿಕೆ, ಆಗಿರುತ್ತೆ. ಅದರಲ್ಲಿ ಟೆಟನಸ್ ಇದೆ. ಆ ತುಣುಕನ್ನ ಗುರುತಿಸುವ ಟಿ ಕೋಶಗಳು ಅವನ ಮೈಯಲ್ಲಿ ಆಗಲೇ ಇವೆ. ಪೆಂಟಾವ್ಯಾಲೆಂಟ್‌ನಲ್ಲಿ ಹಿಬ್ ಅನ್ನುವ ಬ್ಯಾಕ್ಟೀರಿಯಾದ ಭಾಗವೂ ಇದೇ ಉಪಾಯ, ನ್ಯುಮೋನಿಯಾ ತಡೆಯುವ ಪಿಸಿವಿ ಲಸಿಕೆಯೂ ಇದೇ ಉಪಾಯ. ಕೆಲವು ಕಂಪನಿಯ ಟೈಫಾಯ್ಡ್ ಲಸಿಕೆಯಲ್ಲಿ ಟಿಟಿ ಬದಲು ಡಿಫ್ತೀರಿಯಾದ ಕಡೆಯಿಂದ ಬಂದ ಪ್ರೋಟೀನ್ ಇರುತ್ತೆ. ಕೆಲಸ ಒಂದೇ.

ಉದ್ದ ಆಯ್ತು. ಕ್ಲಾಸ್ ಅಭ್ಯಾಸ ಹೋಗಿಲ್ಲ.

ಉತ್ತರ: ರಾಣೆಬೆನ್ನೂರು ಕೋಳಿ ಫಾರ್ಮ್

ಮೇಷ್ಟ್ರೇ ನಮಸ್ಕಾರ್ರೀ. ನಾನು ಎಸ್ಸೆಸ್ಸೆಲ್ಸಿ. ಈ ಎಂಎಚ್‌ಸಿ, ಐಎಲ್ ನನಗೆ ತಿಳಿಯಲ್ಲ. ಆದರೆ ಬಿ ಕೋಶ ಸತ್ತರೆ ಏನಾಗುತ್ತೆ ಅಂತ ನಾನು ಕಣ್ಣಾರೆ ನೋಡಿದ್ದೇನೆ.

ನಮ್ಮದು 5000 ಬ್ರಾಯ್ಲರ್ ಮರಿ ಹಿಡಿಯುವ ಶೆಡ್. ಮೂರು ವಾರದ ಆಸುಪಾಸು ಗುಂಬೋರೋ ಅನ್ನುವ ವೈರಸ್ ರೋಗ ಬರುತ್ತೆ. ಮರಿ ಮುದುಡಿ ಕೂರುತ್ತೆ, ಬಿಳಿ ಬೇಧಿ. ಸತ್ತ ಮರಿಯನ್ನ ಪಶು ಡಾಕ್ಟರು ಕುಯ್ದರೆ ಮೊದಲು ನೋಡೋದು ಹಿಂದುಗಡೆ, ಮಲದ್ವಾರದ ಮೇಲಿರುವ ಒಂದು ಚೀಲ. ಬರ್ಸಾ ಅಂತಾರೆ. ರೋಗ ಇದ್ದರೆ ಅದು ಬಾತುಕೊಂಡು, ಕೆಲವೊಮ್ಮೆ ರಕ್ತ ತುಂಬಿಕೊಂಡು ಇರುತ್ತೆ. ಬದುಕಿದ ಮರಿಯಲ್ಲಿ ಆಮೇಲೆ ಕುಗ್ಗಿ ಹೋಗಿರುತ್ತೆ. ಸತ್ತ ಮರಿಯ ನಷ್ಟಕ್ಕಿಂತ ಬದುಕಿದ ಮರಿಯ ಚಿಂತೆ ದೊಡ್ಡದು. ಅದಕ್ಕೆ ರಾಣಿಖೇತ್ ಅನ್ನುವ ಇನ್ನೊಂದು ಕೋಳಿ ರೋಗದ ಲಸಿಕೆ ಹಾಕಿದರೂ ಹಿಡಿಯಲ್ಲ.

ಒಂದು ಬೇಸಿಗೆಯಲ್ಲಿ ನನ್ನದೇ ತಪ್ಪಾಯ್ತು. ಗುಂಬೋರೋ ಲಸಿಕೆ ತಂದೆ, ದಾರಿಯಲ್ಲಿ ಒಬ್ಬರ ಜೊತೆ ಮಾತಾಡುತ್ತ ಚಹಾ ಕುಡಿದೆ. ಡಬ್ಬಿಯಲ್ಲಿನ ಐಸ್ ಕರಗಿತ್ತು. ಇರಲಿ ಅಂತ ಹಾಲಿನ ಪುಡಿ ಕಲಸಿದ ನೀರಲ್ಲಿ ಹಾಕಿ ಕುಡಿಸಿಬಿಟ್ಟೆ. ಆ ಬ್ಯಾಚು ಗುಂಬೋರೋದಲ್ಲಿ ಹೋಯ್ತು, ಉಳಿದದ್ದು ರಾಣಿಖೇತ್‌ನಲ್ಲಿ ಹೋಯ್ತು. ಆ ಚಹಾದಷ್ಟು ದುಬಾರಿ ಚಹಾ ನಾನು ಕುಡಿದಿಲ್ಲ.

ಬರ್ಸಾದ ಬಿ ಮತ್ತು ಬಿ ಕೋಶದ ಬಿ ಒಂದೇ ಏನ್ರೀ?

ಉತ್ತರ: ಸಪ್ತಾಪುರದ ಮೇಷ್ಟ್ರು

ಒಂದೇ! ಬರ್ಸಾದ ಬಿಯೇ ಅದು. ಕೋಳಿಗೆ ಬರ್ಸಾ, ನಮಗೆ ಎಲುಬಿನ ಮಜ್ಜೆ.

ಗೊತ್ತಾದ ಕಥೆ ಚೆನ್ನಾಗಿದೆ. ಅಮೆರಿಕದ ಒಹಾಯೋದಲ್ಲಿ ಬ್ರೂಸ್ ಗ್ಲಿಕ್ ಅನ್ನುವ ವಿದ್ಯಾರ್ಥಿ ಬರ್ಸಾ ಏನು ಮಾಡುತ್ತೆ ನೋಡೋಣ ಅಂತ ಕೋಳಿಗಳಿಂದ ಅದನ್ನ ತೆಗೆದಿದ್ದರು. ಏನೂ ಕಾಣಲಿಲ್ಲ. ಕೋಳಿ ಆರಾಮಾಗಿತ್ತು. ಅವರ ಗೆಳೆಯರೊಬ್ಬರಿಗೆ ಕ್ಲಾಸಿನಲ್ಲಿ ಪ್ರತಿಕಾಯ ತೋರಿಸೋಕೆ ಕೋಳಿ ಬೇಕಿತ್ತು, ಇವನ್ನೇ ಎರವಲು ಪಡೆದರು. ಸಾಲ್ಮೊನೆಲ್ಲಾ ಚುಚ್ಚಿದರು. ಬರ್ಸಾ ಇಲ್ಲದ ಕೋಳಿಗಳಲ್ಲಿ ಪ್ರತಿಕಾಯವೇ ಬರಲಿಲ್ಲ. ಕ್ಲಾಸ್ ಕೆಟ್ಟಿತು, ಶೋಧ ಸಿಕ್ಕಿತು. 1956ರಲ್ಲಿ ಅದು ಅಚ್ಚಾದದ್ದು ಕೋಳಿ ಸಾಕಣೆಯವರ ಪತ್ರಿಕೆಯಲ್ಲಿ, ಹಾಗಾಗಿ ವೈದ್ಯರ ಕಣ್ಣಿಗೆ ತಡವಾಗಿ ಬಿತ್ತು. ಸಾಲ್ಮೊನೆಲ್ಲಾ ಅಂದರೆ ನಮ್ಮ ಟೈಫಾಯ್ಡಿನ ನೆಂಟನೇ.

ಪ್ರಶ್ನೆ ಕೇಳಿದವರು: ಬೆಟಗೇರಿ ಅಮ್ಮ

ಮೇಷ್ಟ್ರೇ, ನಿನ್ನೆ ರಾತ್ರಿ ಓದಿ ಚೀಟಿಯಲ್ಲಿ ಇನ್ನೊಂದು ಬಾಣ ನಾನೇ ಪೆನ್ನಿನಿಂದ ಹಾಕಿದೆ. ನಮ್ಮತ್ತೆ "ಡಾಕ್ಟರ ಚೀಟಿ ತಿದ್ದತೀಯೇನ" ಅಂತ ಬೈದರು.

ಎರಡು ಉಳಿದಿದೆ. ಸಹಿ ಹಾಕೋಕೆ ಇಷ್ಟು ದಿನ ಯಾಕೆ ಬೇಕು? ಮೈದುನನಿಗೆ ನಾಯಿ ಕಚ್ಚಿದಾಗ ಲಸಿಕೆ ಬೇರೆ, ಗಾಯದ ಸುತ್ತ ಇನ್ನೊಂದು ಇಂಜೆಕ್ಷನ್ ಬೇರೆ ಹಾಕಿದರು. ಲಸಿಕೆ ಕೆಲಸ ಮಾಡೋಕೆ ಟೈಮ್ ಬೇಕು ಅಂದರು. ಇನ್ನೊಂದು, ಈ ಟಿಯ ಸಹಿಯೇ ಇಲ್ಲದ ಮನುಷ್ಯರು ಇರುತ್ತಾರಾ?

ಉತ್ತರ: ಲ್ಯಾಬ್ ಅಕ್ಕ, ಹುಬ್ಬಳ್ಳಿ

ಕೊನೇ ಪ್ರಶ್ನೆಗೆ ನಾನು ಹೇಳ್ತೀನಿ. ರಿಪೋರ್ಟ್ ಟೈಪ್ ಮಾಡುವವರಿಗೆ ಇದು ಚೆನ್ನಾಗಿ ನೆನಪಿರುತ್ತೆ.

ಮೇಲೆ ಮೇಷ್ಟ್ರು ಸಿಡಿ40 ಲೈಗ್ಯಾಂಡ್ ಅಂದರಲ್ಲ, ಟಿಯ ಕೈ. ಅದರ ಜೀನ್ ಎಕ್ಸ್ ಕ್ರೋಮೋಸೋಮಿನ ಮೇಲಿದೆ. ಅದು ಕೆಟ್ಟರೆ ತೊಂದರೆ ಆಗೋದು ಹೆಚ್ಚಾಗಿ ಗಂಡು ಮಕ್ಕಳಿಗೆ. ರಕ್ತ ಪರೀಕ್ಷೆಯಲ್ಲಿ ಐಜಿಎಂ ಸರಿಯಾಗಿ ಇರುತ್ತೆ, ಇಲ್ಲವೇ ಜಾಸ್ತಿಯೇ ಇರುತ್ತೆ. ಐಜಿಜಿ, ಮತ್ತೆ ಐಜಿಎ ಅನ್ನುವ ಇನ್ನೊಂದು ಬಗೆಯ ಪ್ರತಿಕಾಯ ನೋಡಿದರೆ ತಳ. ಮೊದಲ ಸಲ ನೋಡಿದವರು ಮೆಷಿನ್ ಕೆಟ್ಟಿದೆ ಅಂದುಕೊಂಡು ಮತ್ತೆ ಓಡಿಸುತ್ತಾರೆ. ಮೆಷಿನ್ ಸರಿ ಇರುತ್ತೆ. ಬಿ ಕೋಶ ಇದೆ, ಟಿ ಕೋಶವೂ ಇದೆ, ಸಹಿ ಮಾತ್ರ ಇಲ್ಲ. ಆ ಬಿ ಮೊದಲ ಮೆಟ್ಟಿಲಲ್ಲೇ ನಿಂತಿರುತ್ತೆ. ಹೈಪರ್ ಐಜಿಎಂ ಅಂತ ಹೆಸರು. ಬಹಳ ವರ್ಷ ಬಿ ಕೋಶದ್ದೇ ದೋಷ ಅಂದುಕೊಂಡಿದ್ದರು, 1993ರಲ್ಲಿ ದೋಷ ಟಿಯ ಕಡೆ ಅಂತ ಗೊತ್ತಾಯ್ತು. ಹುಟ್ಟಿದ ಮೊದಲ ಕೆಲವು ತಿಂಗಳು ತಾಯಿಯಿಂದ ಬಂದ ಐಜಿಜಿ ಕಾಯುತ್ತೆ. ಆಮೇಲೆ ಒಂದರ ಹಿಂದೆ ಒಂದು ನ್ಯುಮೋನಿಯಾ. ಬೇರೆಯವರ ರಕ್ತದಿಂದ ತೆಗೆದ ಐಜಿಜಿಯನ್ನ ಮೂರು ನಾಲ್ಕು ವಾರಕ್ಕೊಮ್ಮೆ ಕೊಡುತ್ತಾರೆ. ಪೂರ್ತಿ ಗುಣ ಆಗಬೇಕಂದರೆ ಮಜ್ಜೆಯ ಕಸಿ. ಬಹಳ ಅಪರೂಪದ ಕಾಯಿಲೆ, ಯಾರೂ ಗಾಬರಿ ಆಗಬೇಡಿ.

ಅಪರೂಪ ಅಲ್ಲದ್ದು ಎಚ್‌ಐವಿ. ಅದು ಹಿಡಿಯೋದೇ ಸಿಡಿ4 ಕೋಶಗಳನ್ನ. ಸಿಡಿ4 ಕೌಂಟ್ ಅಂತ ಬರೆದುಕೊಡುತ್ತಾರಲ್ಲ, ಎಣಿಸೋದು ಈ ಸಹಾಯಕರನ್ನೇ. ಕೌಂಟ್ ತೀರಾ ಇಳಿದಾಗ ಲಸಿಕೆ ಸರಿಯಾಗಿ ಹಿಡಿಯಲ್ಲ. ಮಾತ್ರೆ ತಗೊಂಡು ಕೌಂಟ್ ಏರಿದ ಮೇಲೆ ಪರವಾಗಿಲ್ಲ.

ಇನ್ನೊಂದು ಮಾತು, ನಮ್ಮ ಲ್ಯಾಬಿನ ಕಿಟಕಿಯಲ್ಲಿ ದಿನಾ ಕೇಳುತ್ತಾರೆ. ಜ್ವರ ಬಂದರೆ ನಮ್ಮ ಕಡೆ ಮೊದಲು ವಿಡಾಲ್ ಅನ್ನುವ ಟೈಫಾಯ್ಡ್ ರಕ್ತ ಪರೀಕ್ಷೆ. "ಲಸಿಕೆ ಹಾಕಿಸಿದೀವಿ, ಅದಕ್ಕೇ ವಿಡಾಲ್ ಪಾಸಿಟಿವ್ ಬಂತಾ" ಅಂತಾರೆ. ವಿಡಾಲ್ ನೋಡೋದು ಬ್ಯಾಕ್ಟೀರಿಯಾದ ಓ ಮತ್ತು ಎಚ್ ಅನ್ನುವ ಎರಡು ಭಾಗಗಳ ವಿರುದ್ಧದ ಪ್ರತಿಕಾಯ. ಈ ಲಸಿಕೆ ಎಬ್ಬಿಸೋದು ವಿಐ ಸಕ್ಕರೆಯ ವಿರುದ್ಧದ ಪ್ರತಿಕಾಯ. ಎರಡೂ ಬೇರೆ. ವಿಡಾಲ್ ಮೇಲೆ ನನಗೆ ಅಷ್ಟೊಂದು ಭಕ್ತಿ ಇಲ್ಲ, ಅದು ಬೇರೆ ವಿಷಯ. ಆಂಟಿಬಯೋಟಿಕ್ ಶುರು ಮಾಡೋ ಮೊದಲು ಬ್ಲಡ್ ಕಲ್ಚರ್ ಕೊಟ್ಟರೆ ಒಳ್ಳೆಯದು.

ಉತ್ತರ: ಸಪ್ತಾಪುರದ ಮೇಷ್ಟ್ರು

ಲ್ಯಾಬ್ ತಂಗಿ ನನಗಿಂತ ಚೆನ್ನಾಗಿ ಹೇಳಿದರು. ಟೈಮ್ ಯಾಕೆ ಅನ್ನೋದನ್ನ ನಾನು ಹೇಳ್ತೀನಿ.

ಲಸಿಕೆ ಬೀಳೋದು ತೋಳಿಗೋ ತೊಡೆಗೋ. ಅಲ್ಲಿಂದ ಡೆಂಡ್ರೈಟಿಕ್ ಅನ್ನುವ ಕೋಶಗಳು ಅದನ್ನ ಹೊತ್ತುಕೊಂಡು ಕಂಕುಳ ಅಥವಾ ತೊಡೆಸಂದಿನ ಗ್ರಂಥಿಗೆ ಹೋಗುತ್ತವೆ. ಲಸಿಕೆ ಆದ ಮೇಲೆ ಕೆಲವರಿಗೆ ಅಲ್ಲಿ ಗಂಟು ಆಗೋದು ಈ ಗದ್ದಲಕ್ಕೇ. ಲಕ್ಷಾಂತರ ಟಿ ಕೋಶಗಳಲ್ಲಿ ಆ ತುಣುಕಿಗೆ ಹೊಂದುವ ಒಂದೋ ಎರಡೋ ಸಿಗಬೇಕು. ಸಿಕ್ಕಿದ್ದು ಮರಿ ಹಾಕಬೇಕು. ಅಷ್ಟರಲ್ಲೇ ದಿನಗಳು ಹೋಗುತ್ತವೆ. ಆಮೇಲೆ ಅವುಗಳಲ್ಲಿ ಕೆಲವು ಬಿ ಕೋಶಗಳ ಓಣಿಗೆ ಹೋಗಬೇಕು. ಬಿ ಓಣಿಯಿಂದ ಒಂದು ವಾಸನೆ ಬರುತ್ತೆ ಅಂದುಕೊಳ್ಳಿ, ಸಿಎಕ್ಸ್‌ಸಿಎಲ್13 ಅಂತ. ಅದನ್ನ ಹಿಡಿಯುವ ಮೂಗು ಸಿಎಕ್ಸ್‌ಸಿಆರ್5. ಆ ಮೂಗು ಬಂದ ಟಿಗಳಿಗೆ ಫಾಲಿಕ್ಯುಲರ್ ಸಹಾಯಕ ಅಂತ ಹೆಸರು. ಬಿಗೆ ನಿಜವಾದ ಸಹಾಯ ಮಾಡುವವು ಇವೇ.

ಇವನ್ನ ಗುರುತಿಸಿದ್ದು 2000ದ ಹೊತ್ತಿಗೆ. ಎಲ್ಲಿ ಗೊತ್ತಾ? ಆಪರೇಷನ್ ಮಾಡಿ ತೆಗೆದ ಮನುಷ್ಯರ ಟಾನ್ಸಿಲ್‌ಗಳಲ್ಲಿ. ಇದನ್ನ ಓದಿದಾಗ ನಾನು ಒಂದು ನಿಮಿಷ ಸುಮ್ನೆ ಕೂತೆ. ನನಗೆ ಒಂಬತ್ತನೇ ವಯಸ್ಸಲ್ಲಿ ಹುಬ್ಬಳ್ಳಿಯಲ್ಲಿ ಟಾನ್ಸಿಲ್ ತೆಗೆಸಿದ್ದರು. ಅಪ್ಪ ಐಸ್‌ಕ್ರೀಮ್ ಕೊಡಿಸಿದ್ದೊಂದೇ ನೆನಪು. ಬಕೆಟ್ಟಿಗೆ ಹೋದದ್ದು ಒಂದು ಇಡೀ ಮಾರುಕಟ್ಟೆ! ಬೇರೆ ಗ್ರಂಥಿಗಳು ಇರೋದರಿಂದ ಜೀವನ ನಡೆದಿದೆ, ಬಿಡಿ.

ಆ ಓಣಿಯಲ್ಲಿ ಜರ್ಮಿನಲ್ ಸೆಂಟರ್ ಅನ್ನುವ ಅಖಾಡ ಏಳುತ್ತೆ. ಅಲ್ಲಿ ಬಿ ಕೋಶ ಬೇಗ ಬೇಗ ಇಬ್ಭಾಗ ಆಗುತ್ತ, ತನ್ನ ಪ್ರತಿಕಾಯದ ಜೀನಿನಲ್ಲಿ ಬೇಕಂತಲೇ ತಪ್ಪು ಮಾಡಿಕೊಳ್ಳುತ್ತೆ. ಹೆಚ್ಚಿನ ತಪ್ಪು ದಂಡ. ಎಲ್ಲೋ ಒಂದು ತಪ್ಪಿನಿಂದ ಹಿಡಿತ ಬಿಗಿಯಾಗುತ್ತೆ. ಬಿಗಿಯಾಗಿ ಹಿಡಿದವನು ಜಾಸ್ತಿ ಸರಕು ನುಂಗುತ್ತಾನೆ, ತಟ್ಟೆಯಲ್ಲಿ ಜಾಸ್ತಿ ಸ್ಯಾಂಪಲ್ ಇಡುತ್ತಾನೆ, ಟಿಯ ಸಹಿ ಅವನಿಗೆ ಜಾಸ್ತಿ. ಸಹಿ ಸಿಗದ ಬಿ ಅಲ್ಲೇ ಸಾಯುತ್ತೆ. ಗೆದ್ದದ್ದು ಮತ್ತೆ ಒಳಗೆ ಹೋಗಿ ಇನ್ನೊಂದು ಸುತ್ತು. ಹೀಗೆ ವಾರಗಟ್ಟಲೆ. ಕೋವಿಡ್ ಸಮಯದಲ್ಲಿ ಅಮೆರಿಕದಲ್ಲಿ ಎಂಆರ್‌ಎನ್‌ಎ ಲಸಿಕೆ ತಗೊಂಡವರ ಕಂಕುಳ ಗ್ರಂಥಿಗೆ ಸಣ್ಣ ಸೂಜಿ ಹಾಕಿ ನೋಡಿದರು. ಎರಡನೇ ಡೋಸ್ ಆಗಿ 12 ವಾರ ಕಳೆದರೂ ಕೆಲವರಲ್ಲಿ ಅಖಾಡ ನಡೆದೇ ಇತ್ತು. 2021ರ ಮಾತು.

ನಾಯಿ ಕಡಿತದಲ್ಲಿ ಇಷ್ಟು ಕಾಯೋಕೆ ಆಗಲ್ಲ. ಲಸಿಕೆಯಿಂದ ನಮ್ಮದೇ ಪ್ರತಿಕಾಯ ಬರೋಕೆ ಒಂದು ವಾರದಿಂದ ಎರಡು ವಾರ ಹಿಡಿಯುತ್ತೆ. ಆ ಖಾಲಿ ದಿನಗಳಿಗೆ ಬೇರೆ ಕಡೆ ತಯಾರಾದ ಪ್ರತಿಕಾಯವನ್ನ ಗಾಯದ ಸುತ್ತ ಹಾಕುತ್ತಾರೆ. ನಿಮ್ಮ ಮೈದುನನಿಗೆ ಹಾಕಿದ್ದು ಅದು.

ಒಂದು ತಿದ್ದುಪಡಿ ನನ್ನ ಮಗಳ ಕಡೆಯಿಂದ. ಬೆಂಗಳೂರಿನಲ್ಲಿ ಸಂಶೋಧನೆ ಮಾಡುತ್ತಾಳೆ, ನನ್ನ ಬರಹ ಓದಿ ಫೋನ್ ಮಾಡಿದಳು. "ಅಪ್ಪಾ, ಇಲಿಯ ಕಥೆಯನ್ನೆಲ್ಲ ಮನುಷ್ಯರಿಗೆ ಹಚ್ಚಬೇಡ" ಅಂದಳು. ಟಿ ಕೋಶ ಫಾಲಿಕ್ಯುಲರ್ ಸಹಾಯಕ ಆಗೋಕೆ ಕೆಲವು ಸಂದೇಶ ಬೇಕು. ಟಿಜಿಎಫ್-ಬೀಟಾ ಅನ್ನುವ ಸಂದೇಶ ಇಲಿಯಲ್ಲಿ ಸಾಮಾನ್ಯವಾಗಿ ಇದನ್ನ ತಡೆಯುತ್ತೆ, ಮನುಷ್ಯರಲ್ಲಿ ಐಎಲ್-12 ಜೊತೆ ಸೇರಿ ಇದನ್ನೇ ಮಾಡಿಸುತ್ತೆ. ಆಕ್ಟಿವಿನ್-ಎ ಅನ್ನೋದೂ ನಮ್ಮಲ್ಲಿ ಆ ಕಡೆ ತಳ್ಳುತ್ತೆ, ಇಲಿಯಲ್ಲಿ ಹಾಗಲ್ಲ. ಒಳಗೆ ಬಿಸಿಎಲ್6 ಅನ್ನುವ ಯಜಮಾನ ಮಾತ್ರ ಇಬ್ಬರಿಗೂ ಒಂದೇ, ಅದು 2009ರಲ್ಲಿ ಗೊತ್ತಾದದ್ದು. ಅವಳು ಇನ್ನೊಂದು ಹೇಳಿದಳು, ನನಗೆ ಬಹಳ ಹಿಡಿಸಿತು. ಟಿ ಕೋಶ ಬಿಯ ಜೊತೆ ನಿಂತು ಸ್ಯಾಂಪಲ್ ನೋಡುತ್ತಿದ್ದರೆ ಮಾತ್ರ ಪೂರ್ತಿ ಸಹಾಯಕ ಆಗಿ ಉಳಿಯುತ್ತೆ. ಬಿ ಇಲ್ಲದಿದ್ದರೆ ಆ ಗುಣವೇ ನಿಲ್ಲಲ್ಲ. ಅಂದರೆ ಸಹಾಯ ಪಡೆಯುವವನೇ ಸಹಾಯಕನನ್ನ ತಯಾರು ಮಾಡುತ್ತಾನೆ. ಬೆಟಗೇರಿ ತಂಗಿ, ನೀವು ಹಾಕಿದ ಎರಡನೇ ಬಾಣ ಸ್ವಲ್ಪ ದಪ್ಪ ಮಾಡಿ.

ಪ್ರಶ್ನೆ ಕೇಳಿದವರು: ಬೆಟಗೇರಿ ಅಮ್ಮ

ದಪ್ಪ ಮಾಡಿದೆ! ಇವತ್ತು ಚಿಕ್ಕವನಿಗೆ ಹಾಕಿಸಿಕೊಂಡು ಬಂದೆ. ಅತ್ತ, ಒಂದು ಬಿಸ್ಕಿಟ್ ತಿಂದ, ಮಲಗಿದ. ಡಾಕ್ಟರಿಗೆ ಚೀಟಿ ತೋರಿಸಿದೆ. ನಕ್ಕು, "ಯಾರಮ್ಮ ತಿದ್ದಿದ್ದು" ಅಂದರು. ಧಾರವಾಡದ ಮೇಷ್ಟ್ರು ಅಂದೆ. ದೊಡ್ಡವಳಿಗೂ ಹೊಸದನ್ನ ಹಾಕಬಹುದಂತೆ, ಹಳೇದು ಹಾಕಿಸಿದ್ದರೂ ಅಡ್ಡಿ ಇಲ್ಲ ಅಂದರು. ಮುಂದಿನ ವಾರ ಅವಳ ಸರದಿ. ಅವಳಿಗೆ ಇನ್ನೂ ಹೇಳಿಲ್ಲ.

ಉತ್ತರ: ರಾಣೆಬೆನ್ನೂರು ಕೋಳಿ ಫಾರ್ಮ್

ಮೇಷ್ಟ್ರೇ, ಒಂದು ಉಳೀತು. ಕೋಳಿಗೆ ಬರ್ಸಾ ಇದೆ ಸರಿ. ಥೈಮಸ್ ಇದೆಯೋ ಇಲ್ವೋ?

ಉತ್ತರ: ಸಪ್ತಾಪುರದ ಮೇಷ್ಟ್ರು

ಇದೆ. ಎದೆಯಲ್ಲಿ ಅಲ್ಲ, ಕುತ್ತಿಗೆಯಲ್ಲಿ. ಎರಡೂ ಪಕ್ಕ ಮಣಿ ಪೋಣಿಸಿದ ಹಾಗೆ ಸಣ್ಣ ಸಣ್ಣ ಗಡ್ಡೆ.

ಉತ್ತರ: ರಾಣೆಬೆನ್ನೂರು ಕೋಳಿ ಫಾರ್ಮ್

ಅಯ್ಯೋ, ಅದಾ! ಹದಿನೈದು ವರ್ಷದಿಂದ ಕೊಬ್ಬು ಅಂತ ಕಿತ್ತು ನಾಯಿಗೆ ಹಾಕ್ತಿದ್ದೆ.